ಒಂದಗುಳು ಸಾಲದು

ಗುಡ್ಡದ ನೆತ್ತಿಯಲ್ಲಿ, ಸಿಡಿಲು ಸೀಳಿದ ಓಕ್ ಮರಕ್ಕೆ ಬೆನ್ನು ಕೊಟ್ಟು
ಕೈಯೆತ್ತಿ ನಿಂತರೆ ಮಾತ್ರ ಫೋನಿಗೆ ಉಸಿರು.
ಕೆಳಗಿನ ಟಾರ್ಪಾಲಿನ ಸಾಲಿನಿಂದ ನೋಡಿದವರಿಗೆ
ನಾನು ಪ್ರಾರ್ಥಿಸುವ ಹಾಗೆ ಕಾಣುತ್ತೇನಂತೆ.
ಪ್ರಾರ್ಥನೆ ಎಲ್ಲಿಯದು, ಸುದ್ದಿ:
ಚಿನ್ ಬೆಟ್ಟಗಳಲ್ಲಿ ನಿನ್ನೆ ಯಾವ ಊರು ಉರಿಯಿತು,
ವಿಮಾನ ಎಷ್ಟು ಸಲ ಬಂದು ಹೋಯಿತು,
ಸತ್ತವರ ಪಟ್ಟಿಯಲ್ಲಿ ವಾನ್ ಚುಂಗನ ಹೆಸರಿಲ್ಲ ತಾನೆ.
ಏಳು ವರ್ಷ ಮಕ್ಕಳಿಗೆ ಲೆಕ್ಕ ಕಲಿಸಿದವಳು;
ಈಗ ಎಣಿಸಲು ಇದೇ ಉಳಿದದ್ದು.
ಬೆಳಿಗ್ಗೆ ಒಮ್ಮೆ, ಸಂಜೆ ಒಮ್ಮೆ, ನಿದ್ದೆ ಬಾರದಿದ್ದರೆ
ನಡುರಾತ್ರಿ ಜಿಗಣೆ ತುಳಿಯುತ್ತ ಇನ್ನೊಮ್ಮೆ.

ಅತ್ತೆ, ತ್ಯಾಲ್ ನೆಮ್, ಗುಡ್ಡ ಹತ್ತುವುದಿಲ್ಲ.
ಮೂರು ಕಲ್ಲಿನ ಒಲೆ, ಮಸಿ ಹಿಡಿದ ಪಾತ್ರೆ.
ರೇಷನ್ನಿನ ಅಕ್ಕಿಯನ್ನು ಸುರಿಯುವ ಮೊದಲು
ಒಂದು ಹಿಡಿ ತೆಗೆದು ಹಾಲಿನ ಪುಡಿಯ ಡಬ್ಬಕ್ಕೆ.
ಕರ್ತನ ಪಾಲು.
ಹೆರಿಗೆಯ ಹತ್ತನೇ ದಿನ, ಮಾವನ ಹೆಣ ಎತ್ತಿದ ಸಂಜೆ,
ಮಗ ಬಂದೂಕು ಹೊತ್ತು ಕಾಡು ಸೇರಿದ ಮರುದಿನ
ಆ ಹಿಡಿ ತಪ್ಪಿದ್ದಿಲ್ಲ.
ಭಾನುವಾರ ಸಭೆಯ ಹಿರಿಯ ರೆ ಮಾಂಗ್ ಗೋಣಿಚೀಲ ಹೊತ್ತು ಬರುತ್ತಾನೆ,
ಊರಿನಲ್ಲಿ ಬರುತ್ತಿದ್ದ ಹಾಗೆಯೇ, ಕೆಮ್ಮಿ,
ಬಾಗಿಲು ಇರಬೇಕಾದಲ್ಲಿ ನಿಂತು.

ಒಂದು ದಿನ ನಾನು ಅವಳ ಮಣಿಕಟ್ಟು ಹಿಡಿದೆ.
ಚರ್ಚಿನ ತಗಡು ಕೂಡ ಉಳಿದಿಲ್ಲ, ಅತ್ತೆ. ಯಾರ ಪಾಲು ಇದು?
ಮಗು ರಾತ್ರಿಯೆಲ್ಲ ಬೆರಳು ಚೀಪುತ್ತದೆ.
ಅವಳು ಜಗಳಕ್ಕೆ ಬರಲಿಲ್ಲ. ಕೈ ಬಿಡಿಸಿಕೊಳ್ಳಲೂ ಇಲ್ಲ.
ನಾನೇ ಬಿಡುವವರೆಗೆ ಕಾದು, ಹಿಡಿಯನ್ನು ಡಬ್ಬಕ್ಕೆ ಹಾಕಿ,
ನೀರು ಕುದಿಯುತ್ತಿದೆ ನೋಡು, ಅಂದಳು.

ಮಳೆಗಾಲದ ನಡುವೆ ಅವಳಿಗೆ ಚಳಿಜ್ವರ.
ಒಲೆ ನನ್ನ ಪಾಲಿಗೆ ಬಂತು.
ಆ ರಾತ್ರಿಯೇ ಹೊಳೆ ದಾಟಿ ಹನ್ನೊಂದು ಜನ ಬಂದರು,
ಒದ್ದೆ ಬಟ್ಟೆ, ಒಂದು ಕೋಳಿ,
ಒಬ್ಬ ಮುದುಕನ ಬೆನ್ನಿಗೆ ಕಟ್ಟಿದ ಗೋಡೆ ಗಡಿಯಾರ.
ರೆ ಮಾಂಗ್ ಗೋಣಿ ತಂದು ನನ್ನ ಮುಂದೆ ಸುರಿದ:
ಬೆಟ್ಟದ ಕೆಂಪಕ್ಕಿ, ರೇಷನ್ನಿನ ಬಿಳಿ, ನುಚ್ಚು,
ಹುಳ ಬಿದ್ದದ್ದು, ಹೊಗೆ ನಾರುವುದು, ನಡುನಡುವೆ ಮೆಕ್ಕೆಜೋಳ.
ಅನ್ನ ಬೆಂದಿತೇ ನೋಡಲು ಒಂದಗುಳು ಸಾಕು ಅನ್ನುತ್ತಾರಲ್ಲ,
ಆ ಪಾತ್ರೆಯಲ್ಲಿ ಒಂದಗುಳು ಸಾಲದು.
ಹಿಚುಕಿ ನೋಡಿದೆ: ಒಂದು ಹಿಟ್ಟು, ಒಂದು ಕಲ್ಲು.
ಇನ್ನೊಂದು. ಇನ್ನೊಂದು.
ಬೆರಳ ತುದಿಯಲ್ಲಿ ಆ ಗಟ್ಟಿ ಕಾಳು ನಿಂತಾಗ
ನನ್ನ ಹಲ್ಲಿಗೆ ನೆನಪಾಯಿತು.

ನಾವು ಬಂದ ಮೊದಲ ರಾತ್ರಿ.
ಯಾರೋ ಕೊಟ್ಟ ಗಂಜಿ. ಕೆಲವು ಕರಗಿ, ಕೆಲವು ಬೇಯದೆ.
ಅಡುಗೆ ಬಾರದ ಹೆಂಗಸು ಎಂದು ಬೈದುಕೊಂಡೇ ಬಟ್ಟಲು ನೆಕ್ಕಿದ್ದೆ.
ಹಾಗಾದರೆ ಆ ಕಾಳು
ಎಷ್ಟು ಒಲೆಗಳ ಮುಂದೆ, ಎಷ್ಟು ಹಸಿದ ಮಕ್ಕಳ ಕಣ್ಣೆದುರು
ಪಾತ್ರೆಗೆ ಬೀಳದೆ ನಿಂತಿತ್ತು,
ನನ್ನ ಹೆಸರು ಇಲ್ಲಿ ಯಾರಿಗೂ ಗೊತ್ತಿಲ್ಲದಾಗ.
ಕರ್ತನ ಪಾಲನ್ನು ನಾನು ಆಗಲೇ ಉಂಡಿದ್ದೆ.

ಹೊಗೆ ಎಂದು ಕಣ್ಣು ಒರೆಸಿಕೊಂಡೆ. ಹೊಗೆಯೂ ಇತ್ತು.
ಮುದುಕ ಏನನ್ನೋ ಕಟುಂ ಎಂದು ಕಡಿದು
ನನ್ನನ್ನು ಒಮ್ಮೆ ನೋಡಿದ.
ಅಡುಗೆ ಬಾರದವಳು, ಅಂದುಕೊಂಡಿರಬೇಕು.
ಅಂದುಕೊಳ್ಳಲಿ.

ಯುದ್ಧ ನಿಂತಿಲ್ಲ. ಈಗಲೂ ಗುಡ್ಡ ಹತ್ತುತ್ತೇನೆ,
ದಿನಕ್ಕೊಮ್ಮೆ, ಒಲೆಯ ಕೆಲಸ ಮುಗಿದ ಮೇಲೆ.
ಸಮಾಧಿಯ ಕಲ್ಲು ಉರುಳಿದ ಬೆಳಗನ್ನು ರೆ ಮಾಂಗ್ ಹೇಳುವಾಗ
ಮನಸ್ಸು ಸಿಗ್ನಲ್ಲಿನ ಕಡೆ ಓಡುತ್ತದೆ;
ಕಾಡಿಗೆ ಬಿಟ್ಟ ದನವನ್ನು ಉಪ್ಪು ತೋರಿಸಿ ಕರೆವ ಹಾಗೆ
ಕರೆಯುತ್ತೇನೆ. ಕೆಲವು ದಿನ ಬರುತ್ತದೆ.

ಅತ್ತೆಯ ಹಿಡಿ ಸಣ್ಣದು, ನನ್ನದು ದೊಡ್ಡದು.
ಮೊದಲ ದಿನ ಬೆರಳು ಸಡಿಲಿಸಿ
ನಾಲ್ಕು ಕಾಳು ವಾಪಸು ಬೀಳಿಸಿದೆ.
ಮಲಗಿದಲ್ಲಿಂದಲೇ ಅವಳು ಆ ಸದ್ದು ಕೇಳಿಸಿಕೊಂಡಳು.
ಏನೂ ಅನ್ನಲಿಲ್ಲ.