ಮೂರನೆಯ ಯಂತ್ರ

ಔಲು ಪಟ್ಟಣ, ನವೆಂಬರ್. ಮೂರಕ್ಕೇ ಕತ್ತಲು.
ಐಲಿ ಕೈಚೀಲದಿಂದ ತೆಗೆದದ್ದು ಒಂದೇ ಸ್ಲೈಡು:
ತೌನೋ, ಅರವತ್ತೆಂಟರ ಹಿಮಕ್ಕೆ
ನಾಲಿಗೆ ಚಾಚಿದ್ದಾನೆ.
"ಮೂರು ಸ್ಕ್ಯಾನರಿಗೂ ಹಾಕಿ ತೋರಿಸಪ್ಪಾ."

ಮೊದಲನೆಯದಕ್ಕೆ ಅವಸರ. ಮುಖವೆಲ್ಲ ಮಸಿ.
ಎರಡನೆಯದು ಜಾಣ, ಧೂಳನ್ನು ತಾನೇ ಒರೆಸುತ್ತದಂತೆ.
ಒರೆಸಿತು.
ಹಿಮವೂ ಹೋಯಿತು.
ಬೋಳು ಆಕಾಶದಡಿ ತೌನೋ
ಸುಮ್ಮನೆ ನಾಲಿಗೆ ಚಾಚಿಕೊಂಡು ನಿಂತ.
"ಎಷ್ಟು ಸ್ವಚ್ಛ!" ಅಂದ ಅಂಗಡಿಯ ಹುಡುಗ.

ಮೂರನೆಯದು ಹಳೇ ಮಾಲು, ಗೊರಗೊರ,
ಒಂದಕ್ಕೆ ಆರು ನಿಮಿಷ.
ಗೀರು ಗೀರಾಗಿಯೇ ಬಂತು, ಹಿಮ ಹಿಮವಾಗಿ,
ಮೂಲೆಯಲ್ಲೊಂದು ಹೆಬ್ಬೆರಳ ಗುರುತು.
ಅವನದೋ, ತನ್ನದೋ—
ಪರದೆಗೆ ಬೆರಳಿಟ್ಟು ನೋಡಿಕೊಂಡಳು.

"ಮನೇಲಿ ಸಾವಿರದಾರುನೂರಿವೆ.
ದಿನಕ್ಕೆ ಹತ್ತು;
ಹೊಳೆಯ ಮಂಜುಗಡ್ಡೆ ಬಿರಿಯುವಷ್ಟರಲ್ಲಿ ಮುಗಿದೀತು.
ಇದನ್ನೇ ಕಟ್ಟಿಕೊಡು."