ಹನ್ನೊಂದು ಸೆಕೆಂಡು

ಸಾಗರದ ಬಸ್‌ಸ್ಟ್ಯಾಂಡಿನ ಹಿಂದೆ, ಟಯರ್ ಅಂಗಡಿಯ ಮಾಳಿಗೆ.
ಸಂಜೆ ಆರೂವರೆ. ಮೊಬೈಲು ಧ್ವನಿ ಹಿಡಿಯುತ್ತಿದೆ,
ಕೈಯಲ್ಲಿ ಪಿ.ಟಿ. ಮೇಷ್ಟರಿಂದ ಕಡ ತಂದ ಸ್ಟಾಪ್‌ವಾಚು.
ಎದುರಿಗೆ ಕೆರಿಯಪ್ಪ, ಐವತ್ತೆರಡು,
ಸೇತುವೆ ಆದಮೇಲೆ ಲಾಂಚು ಬಿಟ್ಟವರು.
ಜೋಗದಲ್ಲಿ ಗೈಡ್ ಆಗಬೇಕಂತೆ.

ಮೊದಲನೆಯದು ಸುಲಭ: ಒಂದೇ ಚಿತ್ರ, ಅಡುಗೆಮನೆ.
ದೇರ್ ಈಸ್ ಎ ಕ್ಯಾಟ್. ದೇರ್ ಈಸ್ ಎ ಮಿಲ್ಕ್.
ದೇರ್ ಈಸ್ ಎ ಮದರ್, ಶಿ ಈಸ್ ಆಂಗ್ರಿ.
ಇಳಿಜಾರಿನಲ್ಲಿ ನ್ಯೂಟ್ರಲ್ಲಿಗೆ ಬಿಟ್ಟ ಗಾಡಿ.
ತಡವರಿಕೆ ಎರಡು. ನಿರರ್ಗಳತೆಯ ಕಾಲಮ್ಮಿಗೆ ನಾಲ್ಕು ಹಾಕಿದೆ.
ಬೆಕ್ಕನ್ನು ಅವರೂ ನೋಡಲಿಲ್ಲ, ನಾನೂ.

ಎರಡನೆಯದು: ಆರು ಚಿತ್ರ, ಕ್ರಮವಾಗಿ ಕತೆ.
ನಿನ್ನೆಯ ಕ್ರಿಯಾಪದಗಳು ಇವತ್ತಿಗೆ ಜಾರಿ ಬಿದ್ದವು.
ಕಳೆದುಹೋದ ಕೊಡೆ ಐದನೇ ಚಿತ್ರದಲ್ಲೇ ಉಳಿಯಿತು.

ಮೂರನೆಯದಕ್ಕೆ ಚಿತ್ರವಿಲ್ಲ, ಯೋಚಿಸಲು ಸಮಯವೂ ಇಲ್ಲ:
ಕೆಲಸದಲ್ಲಿ ನೀವು ಮಾಡಿದ ಒಂದು ಕಷ್ಟದ ತೀರ್ಮಾನ.
ಯಾಕೆ ಹಾಗೆ ಮಾಡಿದಿರಿ?

'ವನ್ ಡೇ... ಬಿಗ್ ವಿಂಡ್.'
ನಿಂತರು. ಗೋಡೆ ನೋಡಿದರು.
ಎರಡೂ ಕೈ ಮೇಜಿನ ಮೇಲೆತ್ತಿ
ಇಲ್ಲದ ಏನನ್ನೋ ನಿಧಾನಕ್ಕೆ ಎಡಕ್ಕೆ ತಿರುಗಿಸಿದರು.
ಎಣಿಸಿದೆ: ಐದು, ಎಂಟು, ಹನ್ನೊಂದು.
'ಇಫ್ ಐ ಗೋ ಸ್ಟ್ರೇಟ್, ಬಸ್ ವಿಲ್... ಹಂಗಲ್ಲ...
ಬಸ್ ಈಸ್ ಹೆವಿ. ಪೀಪಲ್ ಶೌಟ್, ಗೋ, ಗೋ.
ಬಟ್ ಐ ವೇಟ್. ಬಿಕಾಸ್...
ವಾಟರ್ ಈಸ್ ನಾಟ್ ರೆಡಿ.'

ಮೂರು ತಿಂಗಳಲ್ಲಿ ಆ ಬಾಯಿಂದ ಮೊದಲ ಇಫ್.
ತಡವರಿಕೆ ಹತ್ತೊಂಬತ್ತು. ನಿರರ್ಗಳತೆ ಒಂದಕ್ಕಿಳಿಯಿತು.
ಕನ್ನಡ ನುಸುಳಿದರೆ ತಪ್ಪೆಂದು ಎಣಿಸಿ,
ಮಾರ್ಗದರ್ಶಕರ ಸೂಚನೆ.
'ಹಂಗಲ್ಲ'ದ ಮೇಲೆ ಪೆನ್ನು ಇಟ್ಟು, ತೆಗೆದೆ.
ತನ್ನ ವಾಕ್ಯವನ್ನು ತಾನೇ ಅಡ್ಡಗಟ್ಟಿ ನಿಲ್ಲಿಸಿದ ಮನುಷ್ಯನಿಗೆ
ಎಷ್ಟು ಅಂಕ ಕಳೆಯಲಿ?

'ಕೆಟ್ಟೋಯ್ತಲ್ವಾ ಮೇಡಂ?' ಎಂದು ನಕ್ಕರು.
'ಒಂದು ಕೇಳ್ಲಾ?
ದಡ ಹತ್ರ ಬಂದ್ಮೇಲೆ ಎಂಜಿನ್ ಆಫ್ ಮಾಡ್ತೀವಿ,
ಆಮೇಲೆ ಲಾಂಚು ಸುಮ್ಕೆ, ಅದ್ರ ಪಾಡಿಗೆ ಬತ್ತದಲ್ಲ,
ಹಾಂಗೆ ಬರೋದಕ್ಕೆ ಇಂಗ್ಲಿಷಲ್ಲಿ ಏನಂತಾರೆ?'

ಬಾಯಿ ತೆರೆದೆ.
ಕೆಳಗೆ ಯಾರೋ ಟಯರಿಗೆ ಗಾಳಿ ತುಂಬುತ್ತಿದ್ದರು,
ತುಂಬುತ್ತಲೇ ಇದ್ದರು.
ಮೇಜಿನ ಮೇಲಿಟ್ಟ ಸ್ಟಾಪ್‌ವಾಚು ಇನ್ನೂ ಓಡುತ್ತಿತ್ತು.
ಕೆರಿಯಪ್ಪ ಕೈ ಚಾಚಿ ಅದನ್ನು ಕವುಚಿ ಹಾಕಿದರು,
ಕಿಟಕಿಯ ಕಡೆ ತಿರುಗಿ ಕೂತರು,
ನಾನು ಹುಡುಕಿ ಮುಗಿಸುವವರೆಗೆ.