ನೆಕ್ಸ್ಟ್ ಚೇಂಜ್

ಬರೆದು ಕೊಟ್ಟದ್ದು ನಾನೇ, ಒಂದೇ ಹಾಳೆ, ಎರಡೂ ಮಗ್ಗುಲು.
ಐತಪ್ಪಣ್ಣ ಕನ್ನಡಕ ಹಣೆಗೇರಿಸಿ ಓದಿದರು,
ತುಟಿಯಲ್ಲಿ ಒಮ್ಮೆ, ಗಂಟಲಲ್ಲಿ ಒಮ್ಮೆ.
'ಇದರಲ್ಲಿ ಫೈಟಿಂಗ್ ಇಲ್ಲವಲ್ಲ ಟೀಚರೇ' ಅಂದರು.

ಉಪ್ಪಳದ ಮುಚ್ಚಿದ ಟಾಕೀಸಿಗೆ ಹೊಸ ಸುಣ್ಣ.
ಸೀಟು ಕಿತ್ತ ಇಳಿಜಾರು ನೆಲದಲ್ಲಿ ಈಗ ಗಾಜಿನ ಪೆಟ್ಟಿಗೆಗಳು.
ಚಕ್ರ ಇರುವ ಯಾವುದನ್ನೂ ಅಲ್ಲಿ ಇಡುವ ಹಾಗಿಲ್ಲ,
ಪರದೆಯ ಕಡೆಗೇ ಉರುಳುತ್ತದೆ.
ಮ್ಯೂಸಿಯಂ ಎಂದು ಬೋರ್ಡು, ಮೂರು ಲಿಪಿಯಲ್ಲಿ;
ಊರವರ ಬಾಯಲ್ಲಿ ಇನ್ನೂ ಟಾಕೀಸೇ.

ಜೀಪು ಹೊರಟಿತು. ಮೈಕು ಕೆಮ್ಮಿತು.
'ಮಹನೀಯರೇ, ಮಹಿಳೆಯರೇ, ಪುಟಾಣಿಗಳೇ,
ಹದಿನಾಲ್ಕರಿಂದ ಇನ್ನೂರಾರು ಸಿನಿಮಾ ಪದ್ಯಾವಳಿ,
ಹತ್ತು ಪೈಸೆಯವು, ನಾಯಕಿಯನ್ನು ಬಂಡೆಯ ತುದಿಗೆ ನಿಲ್ಲಿಸಿ
ಮುಂದೇನಾಯಿತು, ಬೆಳ್ಳಿತೆರೆಯ ಮೇಲೆ ನೋಡಿ
ಎಂದು ಕೈ ತೊಳೆದುಕೊಂಡವು.
ಶನಿವಾರ ಚುಯಿಂಗಮ್ಮಿನ ಕ್ರಿಕೆಟ್ ಕಾರ್ಡು ಬದಲಾಯಿಸುವ ಸಂತೆ,
ಐವತ್ತು ದಾಟಿದವರಿಗೆ ಮಾತ್ರ, ಜಗಳ ಆಡುವಂತಿಲ್ಲ.
ಭಾನುವಾರ ಸಂಜೆ ಆಪರೇಟರ್ ಮಮ್ಮುಂಞಿ
ರೀಲಿಲ್ಲದೆ ಮಿಷನ್ ಓಡಿಸುತ್ತಾರೆ.
ಬರೀ ಬೆಳಕು. ನೆರಳು ನೀವೇ ತರಬೇಕು.'

ಬಂದ್ಯೋಡಿನಲ್ಲಿ ತುಳು, ಶಿರಿಯ ಸೇತುವೆ ಕಳೆದದ್ದೇ ಮಲಯಾಳ,
ಶಾಲೆಯ ಗೇಟು ಕಂಡರೆ ಕನ್ನಡ,
ಕ್ಲಚ್ಚು ಎಲ್ಲಿ ಒತ್ತಿದರೋ ತಿಳಿಯಲಿಲ್ಲ.
ಹಿಂದಿನ ಸೀಟಿನಿಂದ ನಾನು ನೋಟೀಸು ಎಸೆದೆ, ಗುಲಾಬಿ, ಹಳದಿ.
ಮೊದಲೆಲ್ಲ ಮಕ್ಕಳು ಹೊಗೆಯೊಳಗೇ ಓಡಿ ಬರುತ್ತಿದ್ದರಂತೆ.
ಇವತ್ತು ಒಬ್ಬ ಹುಡುಗ ಬಿದ್ದ ನೋಟೀಸಿನ ಫೋಟೋ ತೆಗೆದ,
ನೋಟೀಸನ್ನು ಅಲ್ಲೇ ಬಿಟ್ಟ.
ಒಂದು ಕೋಳಿ ಹಳದಿಯದನ್ನು ಕುಕ್ಕಿ ನೋಡಿತು.

ಹಾಳೆಯ ಹಿಂಬದಿ,
ಬರೆಯುವಾಗಲೇ ನನ್ನ ಕೈ ನಿಧಾನವಾದ ಜಾಗ.
'ಮುಂದಿನ ತಿಂಗಳು ಒಂದರಿಂದ ಕ್ಯಾಸೆಟ್ ಕಾಗದಗಳು,
ಗಲ್ಫಿಗೆ ಹೋದವರಿಗೆ ಮನೆಯವರು ಬಾಯಲ್ಲಿ ಬರೆದವು.
ಹೆಡ್‌ಫೋನ್ ಒಂದೇ ಇದೆ, ಸರದಿಯಲ್ಲಿ ಬನ್ನಿ.
ಪೆಟ್ಟಿಗೆ ನಂಬರ್ ಒಂಬತ್ತು: ಬೀಫಾತಿಮ್ಮ, ಮಂಗಲ್ಪಾಡಿ,
ಎಂಬತ್ತಾರನೆಯ ಇಸವಿ.
ತೊಂಬತ್ತು ನಿಮಿಷದ ಕ್ಯಾಸೆಟ್ಟು.
ಕೇಳಿಸುವುದು ಹನ್ನೊಂದು ಸೆಕೆಂಡು.'

ಉಳಿದದ್ದು ಕೊಡುವುದಿಲ್ಲ ಎಂದಿದ್ದರು ಬೀಫಾತಿಮ್ಮ
ತಲೆಯ ಬಟ್ಟೆ ಎಳೆದುಕೊಳ್ಳುತ್ತ.
ಅದು ಅವರಿಗೆ ಹೇಳಿದ್ದು, ನಿಮ್ಮ ಮ್ಯೂಸಿಯಮ್ಮಿಗಲ್ಲ.
ಕೊಟ್ಟದ್ದು ಇಷ್ಟು:
ಮಾತಾಡುತ್ತಿದ್ದವಳು ತಟ್ಟನೆ ಸುಮ್ಮನಾಗುತ್ತಾಳೆ.
ದೂರದ ರಸ್ತೆಯಲ್ಲಿ ಒಂದು ಜೀಪು.
ಮಲಯಾಳದ ಕಾಗದದ ನಡುವೆ ಎಳೆಯ ಗಂಡು ದನಿಯ ಕನ್ನಡ,
'ಇಂದೇ ಕೊನೆಯ ದಿನ, ಇಂದೇ ಕೊನೆಯ ದಿನ',
ಸಿನಿಮಾದ ಹೆಸರಿನ ಮೇಲೆ ಸರಿಯಾಗಿ ಒಂದು ಕಾಗೆ.
'ಹೋಯಿತು' ಎನ್ನುತ್ತಾಳೆ ಅವಳು ತನ್ನ ಮಾತಿನಲ್ಲಿ.
ಅಲ್ಲಿಗೆ ಕತ್ತರಿ.

ಯಾರ ದನಿ ಎಂದು ಹಾಳೆಯಲ್ಲಿ ನಾನು ಬರೆದಿರಲಿಲ್ಲ.
ಮೂವತ್ತು ವರ್ಷ ಕೂಗಿದ್ದು ಎಲ್ಲೂ ಉಳಿದಿಲ್ಲ
ಎಂಬುದು ಐತಪ್ಪಣ್ಣನಿಗೆ ದುಃಖವೇನಾಗಿರಲಿಲ್ಲ.
ಕರೆದದ್ದಕ್ಕೆ ಜನ ಬಂದರೆ ಆಯಿತು,
ಕರೆದ ಸ್ವರವನ್ನು ಯಾರು ಕಟ್ಟಿಡುತ್ತಾರೆ.

ಕುಂಬಳೆಯಲ್ಲಿ ಚಾಕ್ಕೆ ನಿಂತಾಗ
ನನ್ನ ಮೊಬೈಲನ್ನು ಅವರ ಕಿವಿಗೆ ಹಿಡಿದೆ.
ಪುನಃ ಹಾಕಿ ಅಂದರು. ಪುನಃ.
ಗ್ಲಾಸಿನ ಮೇಲೆ ಕೆನೆ ಕಟ್ಟಿತು.
'ಸುಳ್ಳು' ಅಂದರು ಕೊನೆಗೆ, 'ಕೊನೆಯ ದಿನ ಆಗಿರಲಿಲ್ಲ ಅದು,
ಮತ್ತೊಂದು ವಾರ ಓಡಿತು.'
ಸ್ವಲ್ಪ ಹೊತ್ತು ಬಿಟ್ಟು:
'ಆ ತಾಯಿ ಹೋದರಂತೋ ಪಿಕ್ಚರಿಗೆ?'
ಅದಿರುವುದು ಕೊಡದ ಭಾಗದಲ್ಲಿ.

ತಣ್ಣಗಾದ ಚಾವನ್ನು ಒಂದೇ ಗುಟುಕಿಗೆ ಮುಗಿಸಿ
ಬಸ್‌ಸ್ಟ್ಯಾಂಡಿನೆದುರು ಮೈಕು ಎತ್ತಿಕೊಂಡರು.
ಒಂದನೆಯ ತಾರೀಕು, ಹೆಡ್‌ಫೋನ್, ಸರದಿ, ಎಲ್ಲ ಸರಿಯಾಗಿ ಹೇಳಿ
ಬಾಯಭ್ಯಾಸಕ್ಕೆ 'ಇಂದೇ ಕೊನೆಯ ದಿನ' ಎಂದುಬಿಟ್ಟರು,
ಇನ್ನೂ ಶುರುವೇ ಆಗದ ಪ್ರದರ್ಶನಕ್ಕೆ.
ಪೆರ್ಲದ ಬಸ್ಸಿಗೆ ಕಾಯುತ್ತಿದ್ದ ಇಬ್ಬರು ಹೆಂಗಸರು
ಒಬ್ಬರನ್ನೊಬ್ಬರು ನೋಡಿ
ಚೀಲ ಕಂಕುಳಿಗೆ ಸಿಕ್ಕಿಸಿ
ಗಡಿಬಿಡಿಯಲ್ಲಿ ಕೈ ಚಾಚಿದರು.